ಬೇರೆಯವರ ಕಾಕಟೀಲ್ ನಿಮ್ಮ ಮನೆಗೆ ಬಂದರೆ: ಮೊದಲ ಸಲ ಹಕ್ಕಿ ನೋಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಕಾಕಟೀಲ್ ಎಂಬ ಪುಟ್ಟ ವಿದೇಶಿ ಗಿಳಿಯನ್ನು ಸಾಕಿದವರೊಬ್ಬರಿಗೆ ಆನ್‌ಸೈಟ್ ಕೆಲಸ ಬರುತ್ತದೆ. ಇನ್ನೊಬ್ಬರ ಮನೆಯಲ್ಲಿ ಬಾಣಂತನ. ಮತ್ತೊಬ್ಬರ ಬಾಡಿಗೆ ಮನೆಯ ಓನರ್ ಹಕ್ಕಿ ಗಿಕ್ಕಿ ಬೇಡ ಎಂದು ಹಟ ಹಿಡಿಯುತ್ತಾರೆ. ಆಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬೀಳುತ್ತದೆ. ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು, ತಲೆಯ ಮೇಲೆ ಜುಟ್ಟು. ಕೆಳಗೆ ಒಂದು ಸಾಲು: "ಮೂರು ತಿಂಗಳ ಮಟ್ಟಿಗೆ ಯಾರಾದರೂ ನೋಡ್ಕೊಳ್ತೀರಾ?" ಹೀಗೆ ತಾತ್ಕಾಲಿಕವಾಗಿ ಹಕ್ಕಿ ಇಟ್ಟುಕೊಳ್ಳುವುದನ್ನೇ ಹಕ್ಕಿ ಸಾಕುವವರು ಫಾಸ್ಟರ್ ಮಾಡುವುದು ಅನ್ನುತ್ತಾರೆ.

ಹೂಂ ಅನ್ನುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಹಕ್ಕಿ ನಿಮ್ಮದಲ್ಲ. ಬಂದಾಗಿನ ತೂಕ, ಬಂದಾಗಿನ ಅಭ್ಯಾಸ, ಆದರೆ ತುಸು ಒಳ್ಳೆಯ ಊಟದ ರೂಢಿಯೊಂದಿಗೆ ವಾಪಸ್ ಕಳಿಸಬೇಕು, ಅಷ್ಟೇ ಕೆಲಸ. ಹೇಳಿದಷ್ಟು ಸುಲಭವಲ್ಲ. ನಾಯಿ ಬೆಕ್ಕು ಸಾಕಿದ ಅನುಭವ ಇಲ್ಲಿ ಹೆಚ್ಚು ಕೈಹಿಡಿಯುವುದಿಲ್ಲ. ನಾಯಿಗೆ ಹುಷಾರಿಲ್ಲದಿದ್ದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ಇನ್ನು ಆಗುವುದೇ ಇಲ್ಲ ಎನ್ನುವವರೆಗೂ ಮುಚ್ಚಿಡುತ್ತದೆ.

1. ಯಾವ ಹಕ್ಕಿ ಅನ್ನುವುದು ಮೊದಲ ಪ್ರಶ್ನೆ

ಹಸಿರು ಮೈ, ಕೆಂಪು ಕೊಕ್ಕಿನ ನಮ್ಮೂರ ಗಿಳಿಯನ್ನು "ಸ್ವಲ್ಪ ದಿನ ಇಟ್ಟುಕೊಳ್ಳಿ" ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಗಿಳಿಶಾಸ್ತ್ರದವರ ಪಂಜರದಲ್ಲಿ, ಅಜ್ಜಿಯ ಮನೆಯ ಜಗಲಿಯಲ್ಲಿ ನೋಡಿ ಬೆಳೆದದ್ದರಿಂದ ಅದು ಸಾಕುವ ಹಕ್ಕಿ ಎಂದೇ ಬಹಳ ಜನ ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ. ಹೆಗಲ ಮೇಲೆ ಕೆಂಪು ಪಟ್ಟಿಯ ದೊಡ್ಡ ಗಿಳಿ, ಪ್ಲಮ್ ಬಣ್ಣದ ತಲೆಯ ಗಿಳಿ, ಮಲೆನಾಡಿನ ನೀಲಿ ರೆಕ್ಕೆಯ ಗಿಳಿ, ಎಲ್ಲಕ್ಕೂ ಇದೇ ಮಾತು. ಮರಿ ಬಿದ್ದು ಸಿಕ್ಕಿದ್ದರೂ ನಿಮ್ಮ ಮನೆ ಅದರ ಆಶ್ರಯತಾಣವಲ್ಲ. ವನ್ಯಜೀವಿ ಕೈಗೆ ಸಿಕ್ಕಿದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನಲ್ಲಿದ್ದರೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕಡೆ ಕೇಳಬಹುದು. ಅಲ್ಲಿಯವರೆಗೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಕತ್ತಲೆ, ಬೆಚ್ಚಗಿನ ಜಾಗ ಸಾಕು.

ಹಾಗಾಗಿ ನಾವು ಫಾಸ್ಟರ್ ಮಾಡಬಹುದಾದದ್ದು ವಿದೇಶಿ ಜಾತಿಗಳನ್ನು ಮಾತ್ರ. ಇಲ್ಲೂ ಕಾಗದಪತ್ರದ ಒಂದು ಕೆಲಸವಿದೆ. ಕಾಕಟೀಲ್, ಬಡ್ಜೀಸ್, ಗುಲಾಬಿ ಮುಖದ ಲವ್‌ಬರ್ಡ್, ಈ ಮೂರು ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿಲ್ಲ. ಸನ್ ಕನ್ಯೂರ್, ಮಕಾವ್, ಆಫ್ರಿಕನ್ ಗ್ರೇ, ಕಾಕಟೂ ಎಲ್ಲವೂ ಇವೆ. ಆಫ್ರಿಕನ್ ಗ್ರೇ 2017ರಿಂದ ಅತಿ ಬಿಗಿಯಾದ ಮೊದಲನೆಯ ಪಟ್ಟಿಗೇ ಸೇರಿದೆ. 2024ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ ಇಂಥ ಹಕ್ಕಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಒಡೆತನ ಬದಲಾದರೆ ಅದನ್ನೂ ದಾಖಲಿಸಬೇಕು. ಯಜಮಾನರ ನೋಂದಣಿ ಪತ್ರದ ಪ್ರತಿ ಕೈಗೆ ಬರದೆ ಹಕ್ಕಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. "ಆಮೇಲೆ ಮೇಲ್ ಮಾಡ್ತೀನಿ" ಅನ್ನುವವರು ಆಮೇಲೆ ಮಾಡುವುದಿಲ್ಲ.

ಕಾನೂನು ಬಿಟ್ಟು ನೋಡಿದರೂ ಮೊದಲ ಸಲದವರಿಗೆ ನಾನು ಹೇಳುವುದು ಕಾಕಟೀಲ್ ಅಥವಾ ಬಡ್ಜೀಸ್. ಎರಡೂ ಆಸ್ಟ್ರೇಲಿಯಾದ ಒಳನಾಡಿನ ಒಣಪ್ರದೇಶದ ಹಕ್ಕಿಗಳು, ಗಟ್ಟಿ ಜೀವ, ಕಚ್ಚಿದರೂ ಬೆರಳು ಉಳಿಯುತ್ತದೆ. ಸನ್ ಕನ್ಯೂರಿನ ಕೂಗು ಮೂರು ಮನೆ ಆಚೆಗೂ ಕೇಳಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅದರಿಂದ ನೆರೆಹೊರೆ ಕೆಡುವುದು ಖಂಡಿತ. ಆಫ್ರಿಕನ್ ಗ್ರೇ, ಕಾಕಟೂಗಳು ದಶಕಗಟ್ಟಲೆ ಬದುಕುವ, ಒಬ್ಬರನ್ನೇ ಹಚ್ಚಿಕೊಳ್ಳುವ, ಮನೆ ಬದಲಾದರೆ ತಮ್ಮ ಪುಕ್ಕವನ್ನೇ ಕಿತ್ತುಕೊಳ್ಳಬಲ್ಲ ಹಕ್ಕಿಗಳು. ಹಕ್ಕಿಯ ಅನುಭವವೇ ಇಲ್ಲದವರು ಅವನ್ನು ಒಪ್ಪಿಕೊಳ್ಳುವುದು ಉಪಕಾರವಾಗಲಾರದು. ಇಲ್ಲಿಂದ ಮುಂದೆ ಹೇಳುವುದೆಲ್ಲ ಕಾಕಟೀಲನ್ನು ಮುಂದಿಟ್ಟುಕೊಂಡು.

ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಇಲ್ಲೇ ನಿಲ್ಲಿ. ಕಾಕಟೀಲ್ ಮೈಯಿಂದ ಟಾಲ್ಕಂ ಪೌಡರಿನಂಥ ಬಿಳಿ ಧೂಳು ಸದಾ ಉದುರುತ್ತಿರುತ್ತದೆ. ಟಿವಿ ಮೇಲೆ, ಸೋಫಾ ಮೇಲೆ, ಶ್ವಾಸಕೋಶದೊಳಗೆ.

2. ಯಜಮಾನರನ್ನು ಕೇಳಿ ಬರೆದುಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್ ತೆಗೆದಿಡಿ. ಫೋನಿನಲ್ಲಿ ಬರೆದರೂ ಸರಿ, ಆದರೆ ಪಂಜರದ ಪಕ್ಕ ನೇತಾಡುವ ಪುಸ್ತಕವಾದರೆ ಮನೆಯವರೆಲ್ಲ ಬರೆಯುತ್ತಾರೆ.

ಹಕ್ಕಿಯ ವಯಸ್ಸು, ಗಂಡೋ ಹೆಣ್ಣೋ, ಹಿಂದೆ ಮೊಟ್ಟೆ ಇಟ್ಟಿತ್ತೋ ಇಲ್ಲವೋ. ಕಾಲಿನಲ್ಲಿ ಉಂಗುರವಿದ್ದರೆ ಅದರ ಮೇಲಿನ ಸಂಖ್ಯೆ. ಈಗ ಏನು ತಿನ್ನುತ್ತದೆ. "ಏನು ಕೊಡ್ತೀರಿ" ಎಂದು ಕೇಳಬೇಡಿ, "ಬಟ್ಟಲಲ್ಲಿ ಹಾಕಿದ್ದರಲ್ಲಿ ನಿಜವಾಗಿ ಏನು ತಿನ್ನುತ್ತೆ" ಎಂದು ಕೇಳಿ. ಎರಡಕ್ಕೂ ಉತ್ತರ ಬೇರೆ ಬೇರೆ ಬರುವುದೇ ಹೆಚ್ಚು. ಎಷ್ಟು ಗಂಟೆಗೆ ಮಲಗುತ್ತದೆ, ಪಂಜರಕ್ಕೆ ಬಟ್ಟೆ ಹೊದಿಸುತ್ತಾರೋ, ದೀಪ ಉಳಿಸುತ್ತಾರೋ. ರೆಕ್ಕೆ ಕತ್ತರಿಸಿದೆಯೋ, ಹಾರುತ್ತದೆಯೋ. ಯಾವುದಕ್ಕೆ ಹೆದರುತ್ತದೆ: ಕೆಂಪು ಬಟ್ಟೆ, ಪೊರಕೆ, ಟೋಪಿ ಹಾಕಿದವರು, ಏನು ಬೇಕಾದರೂ ಇರಬಹುದು.

ಕೈ ಮೇಲೆ ಹತ್ತಿಸಿಕೊಳ್ಳಲು ಏನು ಹೇಳುತ್ತಾರೆ ಎಂದೂ ಕೇಳಿ. ಒಂದು ಮನೆಯಲ್ಲಿ "ಸ್ಟೆಪ್ ಅಪ್", ಇನ್ನೊಂದರಲ್ಲಿ "ಆಜಾ", ಮತ್ತೊಂದರಲ್ಲಿ "ಬಾರೋ ಚಿನ್ನಾ". ಹಕ್ಕಿಗೆ ಅದೇ ಬೇಕು, ನಿಮ್ಮದು ಬೇಡ. ಯಜಮಾನರು ಮಾತಾಡಿಸುವ, ಸಿಳ್ಳೆ ಹಾಕುವ ದನಿಯನ್ನು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಕ್ಕಿ ಅಕಸ್ಮಾತ್ ಹಾರಿಹೋದರೆ ಅದನ್ನು ಕೆಳಗಿಳಿಸಲು ಇದಕ್ಕಿಂತ ದೊಡ್ಡ ಸಾಧನವಿಲ್ಲ.

ಕೊನೆಗೆ ಮುಜುಗರದ ಪ್ರಶ್ನೆಗಳು. ಆಸ್ಪತ್ರೆ ಖರ್ಚು ಯಾರದು, ಎಷ್ಟರವರೆಗೆ? ರಾತ್ರಿ ಹೊತ್ತು ತುರ್ತು ಬಂದು ಯಜಮಾನರು ಫೋನ್ ತೆಗೆಯದಿದ್ದರೆ ತೀರ್ಮಾನ ಯಾರದು? ಹೇಳಿದ ದಿನಕ್ಕೆ ವಾಪಸ್ ಕರೆದುಕೊಂಡು ಹೋಗದಿದ್ದರೆ ಮುಂದೇನು? ಸ್ನೇಹಿತರಾದರೂ ಬರವಣಿಗೆಯಲ್ಲಿ ಇರಲಿ, ಒಂದು ವಾಟ್ಸಾಪ್ ಮೆಸೇಜ್ ಸಾಕು. ಮೂರು ತಿಂಗಳೆಂದು ಬಂದ ಹಕ್ಕಿಗಳು ಅಲ್ಲೇ ಉಳಿದುಬಿಡುವುದು ಇಂಥ ಮಾತು ಆಡದ ಮನೆಗಳಲ್ಲಿ.

ಪಂಜರ, ಬಟ್ಟಲು, ಆಟಿಕೆ, ಈಗ ತಿನ್ನುತ್ತಿರುವ ಕಾಳು, ಎಲ್ಲವೂ ಹಕ್ಕಿಯ ಜೊತೆಗೇ ಬರಲಿ. ಹೊಸ ಪಂಜರ ಕೊಂಡು ಸಂಭ್ರಮಿಸುವ ಸಮಯ ಇದಲ್ಲ. ಮನೆ ಬದಲಾದರೂ ಪಂಜರ ಬದಲಾಗದಿದ್ದರೆ ಹಕ್ಕಿಗೆ ಅರ್ಧ ಮನೆ ಉಳಿದ ಹಾಗೆ.

ಒಂದು ವಿನಾಯಿತಿ ಇದೆ. ಪೇಟೆಯ ಗುಂಡನೆಯ ಪುಟ್ಟ ಪಂಜರದಲ್ಲಿ ಬಂದರೆ ಅದನ್ನು ಬದಲಿಸಲೇಬೇಕು. ಒಂದು ಕಾಕಟೀಲಿಗೆ ಕನಿಷ್ಠ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ ಬೇಕು. ಸರಳುಗಳ ನಡುವೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು, ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಸತು ಬಳಿದ ಅಗ್ಗದ ಜಾಲರಿ ಬೇಡ. ಗಿಳಿ ಜಾತಿಯವು ಸರಳು ಕಚ್ಚಿಕೊಂಡೇ ಓಡಾಡುವುದರಿಂದ ಸತು ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ತುಕ್ಕು ಹಿಡಿದದ್ದೂ, ಬಣ್ಣ ಏಳುತ್ತಿರುವುದೂ ಬೇಡ.

3. ಮನೆಯನ್ನು ಹಕ್ಕಿಯ ಶ್ವಾಸಕೋಶದಿಂದ ನೋಡಿ

ಹಕ್ಕಿಯ ಮೈಯಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಹಾರುವ ದೇಹಕ್ಕೆ ಬೇಕಾದಷ್ಟು ಆಮ್ಲಜನಕ ಎಳೆದುಕೊಳ್ಳುವ ಅದ್ಭುತ ವ್ಯವಸ್ಥೆ ಅದು. ವಿಷವಿದ್ದರೆ ಅದನ್ನೂ ಅಷ್ಟೇ ಚೆನ್ನಾಗಿ ಎಳೆದುಕೊಳ್ಳುತ್ತದೆ. ನಮಗೆ ಕೆಮ್ಮು ಬರುವಷ್ಟರಲ್ಲಿ ಹಕ್ಕಿ ಸತ್ತಿರಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ನಾನ್‌ಸ್ಟಿಕ್ ತವಾ. ಟೆಫ್ಲಾನ್ ಲೇಪ ಅತಿಯಾಗಿ ಕಾದರೆ ಬಣ್ಣವಿಲ್ಲದ, ವಾಸನೆಯೂ ಗೊತ್ತಾಗದ ಅನಿಲ ಬಿಡುತ್ತದೆ, ಪಕ್ಕದ ಕೋಣೆಯ ಹಕ್ಕಿಯನ್ನೂ ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ದೋಸೆಗೆ ಹೆಂಚು ಕಾಯಲಿಟ್ಟು ಫೋನಿನಲ್ಲಿ ಮಾತಿಗೆ ನಿಂತರೆ ಅಷ್ಟು ಸಾಕು. ಹಕ್ಕಿ ಇರುವಷ್ಟು ದಿನ ನಾನ್‌ಸ್ಟಿಕ್ ಪಾತ್ರೆಗಳನ್ನು ಅಟ್ಟಕ್ಕೇರಿಸಿ, ಕಬ್ಬಿಣದ ಕಾವಲಿ ಇಳಿಸಿ. ಏರ್ ಫ್ರೈಯರ್, ಸ್ಯಾಂಡ್‌ವಿಚ್ ಮೇಕರ್, ಇಸ್ತ್ರಿಪೆಟ್ಟಿಗೆಯ ತಳದಲ್ಲೂ ಇದೇ ಲೇಪ ಇರಬಹುದು.

ಆಮೇಲೆ ನಮ್ಮ ಮನೆಗಳದ್ದೇ ಆದ ಪಟ್ಟಿ: ಊದುಬತ್ತಿ, ಸಾಂಬ್ರಾಣಿ, ಕರ್ಪೂರ, ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಮಶೀನ್, ಜಿರಳೆ ಸ್ಪ್ರೇ, ರೂಮ್ ಫ್ರೆಶ್‌ನರ್, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ಪೂಜೆ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಪಂಜರ ದೇವರಮನೆಗೂ ಅಡುಗೆಮನೆಗೂ ದೂರದ, ಬಾಗಿಲು ಹಾಕಬಹುದಾದ, ಕಿಟಕಿ ಇರುವ ಕೋಣೆಯಲ್ಲಿರಲಿ. ಆ ಕೋಣೆಯ ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಹಾಕಿಸಿದರೆ ಸೊಳ್ಳೆ ಮಶೀನೂ ಬೇಡ, ಹಕ್ಕಿ ಹಾರಿಹೋಗುವ ಭಯವೂ ಇಲ್ಲ. ಪೇಂಟಿಂಗ್, ಪೆಸ್ಟ್ ಕಂಟ್ರೋಲ್ ಇದ್ದರೆ ಹಕ್ಕಿಯನ್ನು ಕರೆಸಿಕೊಳ್ಳುವ ದಿನವನ್ನೇ ಮುಂದೂಡಿ.

ಪಂಜರದ ಒಂದು ಬೆನ್ನು ಗೋಡೆಗೆ ತಾಗಿರಲಿ. ನಾಲ್ಕೂ ಕಡೆ ಬಯಲಾದರೆ ಹಕ್ಕಿಗೆ ಎಲ್ಲಿ ಒರಗಬೇಕೋ ತಿಳಿಯುವುದಿಲ್ಲ. ಎತ್ತರ ನಿಮ್ಮ ಎದೆಮಟ್ಟ. ಬಾಲ್ಕನಿಯಲ್ಲಿ ರಾತ್ರಿ ಬಿಡಲೇಬೇಡಿ: ಬೆಕ್ಕು, ಇಲಿ. ಹಗಲಲ್ಲಿ ಕಾಗೆ, ಹದ್ದು. ಬೆಳಗಿನ ಎಳೆಬಿಸಿಲಿಗೆ ಅರ್ಧ ಗಂಟೆ ಇಟ್ಟರೂ ನೀವು ಪಕ್ಕದಲ್ಲೇ ಕೂತಿರಿ, ಪಂಜರದ ಅರ್ಧ ಭಾಗ ನೆರಳಲ್ಲಿರಲಿ.

ಕೂರುವ ಅಡ್ಡಕೋಲು ಪ್ಲಾಸ್ಟಿಕ್ಕಿನದಾಗಿದ್ದರೆ ಜೊತೆಗೆ ಒಂದು ಸೀಬೆ ಕೊಂಬೆ ಕಟ್ಟಿ. ದಪ್ಪ ಒಂದೊಂದು ಕಡೆ ಒಂದೊಂದು ತೆರನಾಗಿರುವುದರಿಂದ ಪಾದಕ್ಕೆ ಒಳ್ಳೆಯದು. ಔಷಧಿ ಹೊಡೆಯದ ಗಿಡದ್ದು ನೋಡಿ, ತೊಳೆದು ಬಿಸಿಲಲ್ಲಿ ಒಣಗಿಸಿ. ಕಣಗಿಲೆ ಕೊಂಬೆ ಮಾತ್ರ ಬೇಡ, ಅದು ವಿಷ.

ಮನೆಯಲ್ಲಿ ಈಗಾಗಲೇ ಬೇರೆ ಹಕ್ಕಿ ಇದ್ದರೆ ಒಂದು ತಿಂಗಳಿಗಿಂತ ಮೇಲೆ ಬೇರೆ ಕೋಣೆ, ಬೇರೆ ಬಟ್ಟಲು. ಹಳೆಯ ಹಕ್ಕಿಯನ್ನು ಮೊದಲು ನೋಡಿ, ಬಂದ ಹಕ್ಕಿಯನ್ನು ಆಮೇಲೆ, ಕೈ ತೊಳೆದುಕೊಂಡು.

4. ಮೊದಲ ವಾರ: ಏನೂ ಮಾಡದಿರುವುದು

ಬಂದ ದಿನ ಪಂಜರ ಇಡುವ ಜಾಗದಲ್ಲಿ ಇಡಿ, ನೀರು ಕಾಳು ನೋಡಿ, ಹೊರಗೆ ಬನ್ನಿ. ಪಕ್ಕದ ಮನೆಯ ಮಕ್ಕಳನ್ನು ಕರೆದು ತೋರಿಸುವುದು ಮುಂದಿನ ವಾರಕ್ಕಿರಲಿ. ಮೊದಲ ದಿನ ಕಡಿಮೆ ತಿನ್ನುವುದು, ಸದ್ದೇ ಮಾಡದಿರುವುದು ಸಾಮಾನ್ಯ. ಎರಡನೇ ದಿನವೂ ಕಾಳಿನ ಸಿಪ್ಪೆ ಬೀಳದಿದ್ದರೆ ಅದು ಸಾಮಾನ್ಯವಲ್ಲ. ಬಟ್ಟಲು ತುಂಬಿದ ಹಾಗೆ ಕಂಡರೆ ನಂಬಬೇಡಿ. ತಿಂದು ಬಿಟ್ಟ ಸಿಪ್ಪೆ ಮೇಲೆ ಕೂತಿರುತ್ತದೆ, ಕೆಳಗೆ ಕಾಳೇ ಇರುವುದಿಲ್ಲ. ಊದಿ ನೋಡಿ.

ದಿನಕ್ಕೆ ನಾಲ್ಕೈದು ಸಲ ಪಂಜರದ ಹತ್ತಿರ ಕುರ್ಚಿ ಹಾಕಿಕೊಂಡು ನಿಮ್ಮ ಪಾಡಿಗೆ ಪೇಪರ್ ಓದಿ, ಹುರುಳಿಕಾಯಿ ಬಿಡಿಸಿ. ಹಕ್ಕಿಯನ್ನೇ ದಿಟ್ಟಿಸಬೇಡಿ, ಎರಡೂ ಕಣ್ಣು ನೆಟ್ಟು ನೋಡುವುದು ಬೇಟೆಯಾಡುವ ಪ್ರಾಣಿಯ ಲಕ್ಷಣ.

ಕಾಕಟೀಲಿನ ಮನಸ್ಸು ಜುಟ್ಟಿನಲ್ಲಿ ಕಾಣುತ್ತದೆ. ಅರ್ಧ ಬಾಗಿದ್ದರೆ ನಿರಾಳ. ನೆಟ್ಟಗೆ ನಿಂತರೆ ಗಾಬರಿಯೋ ಕುತೂಹಲವೋ, ಮುಂದೆ ಹೋಗಬೇಡಿ. ತಲೆಗೆ ಅಂಟಿಸಿಕೊಂಡು ಬುಸ್ ಎಂದರೆ ಕೈ ಹಿಂದೆ ತೆಗೆಯಿರಿ, ಮುಂದಿನದು ಕಚ್ಚುವುದೇ. ಸಂಜೆ ಕೊಕ್ಕನ್ನು ಕರಕರ ಮಸೆಯುತ್ತಾ ಕಣ್ಣು ಅರೆ ಮುಚ್ಚಿದರೆ ನಿದ್ದೆ ಬರುತ್ತಿದೆ, ನಿಮ್ಮ ಮನೆ ಒಪ್ಪಿಗೆಯಾಗಿದೆ.

ನಿದ್ದೆ 10ರಿಂದ 12 ಗಂಟೆ ಬೇಕು. ಹತ್ತೂವರೆವರೆಗೆ ಟಿವಿ ಓಡುವ ಹಾಲ್‌ನಲ್ಲಿ ಅದು ಸಿಗುವುದಿಲ್ಲ. ಆದರೆ ಗಾಢ ಕತ್ತಲೆಯೂ ಕಾಕಟೀಲಿಗೆ ಆಗದು. ಗೋಡೆಯ ಮೇಲೆ ಹಲ್ಲಿ ಹರಿದರೂ, ರಸ್ತೆಯ ಲಾರಿಯ ಬೆಳಕು ಕಿಟಕಿಗೆ ಬಿದ್ದರೂ ಬೆಚ್ಚಿ ಪಂಜರದೊಳಗೇ ಬಡಿದಾಡಿ ರೆಕ್ಕೆ ಮುರಿದುಕೊಳ್ಳುತ್ತದೆ. ಒಂದು ಜೀರೋ ಬಲ್ಬ್ ಹಚ್ಚಿಡಿ. ರಾತ್ರಿ ಬಡಿದಾಟ ಕೇಳಿದರೆ ದೀಪ ಹಾಕಿ, ದೂರದಿಂದಲೇ ಮೆಲ್ಲಗೆ ಮಾತಾಡಿಸಿ, ರಕ್ತ ಬಂದಿದೆಯೇ ನೋಡಿ. ಒಡನೆ ಕೈ ಹಾಕಬೇಡಿ.

5. ತಕ್ಕಡಿ

ಇದೊಂದನ್ನು ಬಿಡದೆ ಮಾಡಿದರೆ ಈ ಬರಹದ ಅರ್ಧ ಮರೆತರೂ ಪರವಾಗಿಲ್ಲ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಆರೋಗ್ಯವಾಗಿರುವ ಕಾಕಟೀಲ್ ಸುಮಾರು 80ರಿಂದ 110 ಗ್ರಾಂ ತೂಗುತ್ತದೆ. ಬಡ್ಜೀಸ್ 30ರಿಂದ 40 ಗ್ರಾಂ. ಒಂದು ಟೊಮೇಟೊದಷ್ಟು ಜೀವ, ಅದರಲ್ಲಿ ಹತ್ತು ಗ್ರಾಂ ಕರಗಿದರೂ ಪುಕ್ಕದ ಮೇಲಿಂದ ನಿಮಗೆ ಕಾಣುವುದಿಲ್ಲ.

ಬೆಳಗ್ಗೆ ಮೊದಲ ದೊಡ್ಡ ಹಿಕ್ಕೆ ಹಾಕಿದ ಮೇಲೆ, ಕಾಳು ಕೊಡುವ ಮುನ್ನ ತೂಗಬೇಕು. ತಕ್ಕಡಿಯ ಮೇಲೆ ಚಿಕ್ಕ ಕಡ್ಡಿಯ ಸ್ಟ್ಯಾಂಡೋ ಬಟ್ಟಲೋ ಇಟ್ಟು ಸೊನ್ನೆ ಮಾಡಿ, ನವಣೆ ತೆನೆಯ ಒಂದು ತುಂಡು ತೋರಿಸಿದರೆ ಕೆಲವೇ ದಿನದಲ್ಲಿ ತಾನೇ ಹತ್ತಿ ನಿಲ್ಲುತ್ತದೆ. ಇನ್ನೂ ಕೈಗೆ ಬರದ ಹಕ್ಕಿಯಾದರೆ ಹಿಡಿದು ತೂಗುವ ಸಾಹಸ ಬೇಡ, ತಕ್ಕಡಿಯನ್ನು ಪಂಜರದೊಳಗೇ ಇಟ್ಟು ಅಭ್ಯಾಸ ಮಾಡಿಸಿ. ದಿನಕ್ಕೆ ಎರಡು ಮೂರು ಗ್ರಾಂ ಏರಿಳಿತ ಇದ್ದದ್ದೇ. ಮೂರು ದಿನ ಒಂದೇ ಸಮ ಇಳಿಯುತ್ತಿದ್ದರೆ ಯಜಮಾನರಿಗೆ ಹೇಳಿ. ಮೊದಲಿನ ತೂಕದ ನೂರಕ್ಕೆ ಹತ್ತರಷ್ಟು ಹೋದರೆ, ಅಂದರೆ 90 ಗ್ರಾಂ ಇದ್ದದ್ದು 81 ಆದರೆ, ಹಕ್ಕಿ ಎಷ್ಟೇ ಚೆನ್ನಾಗಿ ಸಿಳ್ಳೆ ಹೊಡೆಯುತ್ತಿರಲಿ, ಅವತ್ತೇ ಆಸ್ಪತ್ರೆ.

ತೂಕದ ಪಕ್ಕದಲ್ಲೇ ಹಿಕ್ಕೆಯನ್ನೂ ಬರೆಯಿರಿ. ಪಂಜರದ ತಳಕ್ಕೆ ಹಳೆಯ ಪೇಪರ್ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಮರದ ಹೊಟ್ಟು ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ. ಸರಿಯಾದ ಹಿಕ್ಕೆಯಲ್ಲಿ ಮೂರು ಭಾಗ: ಹಸಿರೋ ಕಂದೋ ಇರುವ ಗಟ್ಟಿ, ಬಿಳಿ ಸುಣ್ಣದಂಥದ್ದು, ಸುತ್ತ ಸ್ವಲ್ಪ ತಿಳಿನೀರು. ಬೀಟ್ರೂಟ್ ತಿಂದ ದಿನ ಕೆಂಪಗಾದರೆ ಗಾಬರಿ ಬೇಡ. ಬಿಳಿ ಭಾಗ ಹಳದಿ ಹಸಿರಾದರೆ, ಸಿಪ್ಪೆಯಿಲ್ಲದ ಇಡೀ ಕಾಳು ಹಾಗೇ ಬಂದರೆ ಫೋಟೊ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

6. ಊಟ

ಬಹುತೇಕ ಹಕ್ಕಿಗಳು ಸೂರ್ಯಕಾಂತಿ ಬೀಜದ ಚಟ ಹತ್ತಿಸಿಕೊಂಡೇ ಬರುತ್ತವೆ. ಬರೀ ಬೀಜದಲ್ಲಿ ಕೊಬ್ಬು ಹೆಚ್ಚು, ವಿಟಮಿನ್ ಎ ಇಲ್ಲವೇ ಇಲ್ಲ ಅನ್ನಬೇಕು. ಯಕೃತ್ತಿಗೆ ಕೊಬ್ಬು ಕಟ್ಟುತ್ತದೆ, ಉಸಿರಾಟದ ಸೋಂಕು ಬೇಗ ಅಂಟುತ್ತದೆ. ಹಾಗೆಂದು ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ. ಹೊಸ ಮನೆ, ಹೊಸ ಮುಖ, ಮೇಲೆ ಹೊಸ ಊಟವೂ ಆದರೆ ಹಕ್ಕಿ ಉಪವಾಸ ಬೀಳುತ್ತದೆ. "ಹಸಿವಾದರೆ ತಾನೇ ತಿನ್ನತ್ತೆ" ಅನ್ನುವ ಮಾತು ಹಕ್ಕಿಗೆ ನಡೆಯುವುದಿಲ್ಲ. ಗುರುತಿಲ್ಲದ್ದನ್ನು ಅದು ಆಹಾರ ಅಂದುಕೊಳ್ಳುವುದೇ ಇಲ್ಲ, ಎದುರಿಗಿಟ್ಟುಕೊಂಡೇ ಸಾಯಬಹುದು.

ಯಜಮಾನರು ಒಪ್ಪಿದರೆ ಮೂರನೇ ವಾರದಿಂದ ಬೆಳಗ್ಗೆ, ಹಸಿವು ಹೆಚ್ಚಿರುವ ಹೊತ್ತಲ್ಲಿ, ಸೊಪ್ಪು ತರಕಾರಿ ಮೊದಲು. ಒಂದು ಗಂಟೆಯ ನಂತರ ಮಾಮೂಲಿ ಕಾಳು. ನುಗ್ಗೆ ಸೊಪ್ಪನ್ನು ಗೊಂಚಲಾಗಿ ಪಂಜರಕ್ಕೆ ಸಿಕ್ಕಿಸಿ. ಕಾಕಟೀಲುಗಳು ಬಟ್ಟಲಲ್ಲಿ ಹೆಚ್ಚಿಟ್ಟದ್ದಕ್ಕಿಂತ ನೇತಾಡುವುದನ್ನು ಬೇಗ ಕಿತ್ತಾಡುತ್ತವೆ. ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ, ಕೊತ್ತಂಬರಿ, ದಂಟಿನ ಸೊಪ್ಪು, ಮೊಳಕೆ ಬಂದ ಹೆಸರುಕಾಳು, ಉಪ್ಪು ಹಾಕದ ಬೆಂದ ಜೋಳ. ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ, ಔಷಧಿ ಹೊಡೆದಿರುತ್ತಾರೆ. ಹಸಿ ಪದಾರ್ಥ ಎರಡು ಗಂಟೆಯ ಮೇಲೆ ಪಂಜರದಲ್ಲಿರಬಾರದು. ಒಣಕಾಳಿನಲ್ಲಿ ಸೂರ್ಯಕಾಂತಿ ಕಡಿಮೆ ಮಾಡುತ್ತಾ ನವಣೆ, ಸಾಮೆ, ಸಜ್ಜೆ ಹೆಚ್ಚಿಸಿ. ಈ ವಿಷಯದಲ್ಲಿ ನಮ್ಮ ಸಿರಿಧಾನ್ಯದ ಅಂಗಡಿಗಳು ಪೆಟ್ ಶಾಪ್‌ಗಿಂತ ಅಗ್ಗ, ಶುಚಿ. ಪೆಲೆಟ್ ಎಂಬ ಸಿದ್ಧ ಗುಳಿಗೆಯ ಆಹಾರ ಅಭ್ಯಾಸ ಮಾಡಿಸುವುದು ನಿಧಾನದ ಕೆಲಸ, ಪಕ್ಷಿವೈದ್ಯರ ಸಲಹೆಯಿಲ್ಲದೆ ಕೈಹಾಕಬೇಡಿ. ಕಟಲ್‌ಬೋನ್, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು, ಒಂದು ನೇತು ಹಾಕಿ, ಸುಣ್ಣಾಂಶಕ್ಕೆ.

ಕೊಡಬಾರದ್ದರಲ್ಲಿ ಮೊದಲನೆಯದು ಬೆಣ್ಣೆಹಣ್ಣು, ಅಂದರೆ ಅವಕಾಡೊ. ಹಕ್ಕಿಯ ಹೃದಯಕ್ಕೆ ನೇರ ವಿಷ. ನೀವು ಜ್ಯೂಸ್ ಕುಡಿದ ಲೋಟದ ಅಂಚನ್ನೂ ನೆಕ್ಕಲು ಬಿಡಬೇಡಿ. ಚಾಕೊಲೆಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಖಾರದ ಕುರುಕಲು, ಸೇಬಿನ ಬೀಜ ಇವೂ ಬೇಡ. ಬೂಸ್ಟು ಹಿಡಿದ ಕಡಲೆಕಾಯಿ ಅಂತೂ ಬೇಡವೇ ಬೇಡ.

7. ಪಂಜರದಿಂದ ಹೊರಗೆ

ಬಾಗಿಲು ತೆರೆಯುವ ಮೊದಲು ಪ್ರತಿ ಸಲ ಬಾಯಿಬಿಟ್ಟು ಹೇಳಿಕೊಳ್ಳಿ: ಫ್ಯಾನ್, ಕಿಟಕಿ, ಬಾಗಿಲು, ಬಕೆಟ್, ಒಲೆ. ನಮ್ಮ ಮನೆಗಳಲ್ಲಿ ಸಾಕು ಹಕ್ಕಿಗಳ ಯಮ ಸೀಲಿಂಗ್ ಫ್ಯಾನ್. ಸ್ವಿಚ್ ಆರಿಸಿದರೆ ಸಾಲದು, ರೆಕ್ಕೆ ಪೂರ್ತಿ ನಿಲ್ಲಬೇಕು. ಮನೆಗೆ ಬಂದವರು ಅಭ್ಯಾಸಬಲದಿಂದ ಒತ್ತದಂತೆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ. ಕನ್ನಡಿಗೂ ಗಾಜಿನ ಕಿಟಕಿಗೂ ಬಟ್ಟೆ ಇಳಿಬಿಡಿ.

ಕೈಗೆ ಹತ್ತಿಸಲು ಬೆರಳನ್ನು ಹೊಟ್ಟೆಯ ಕೆಳಭಾಗಕ್ಕೆ, ಕಾಲಿನ ಮೇಲಕ್ಕೆ ಹಗುರವಾಗಿ ತಾಗಿಸಿ ಯಜಮಾನರ ಮಾತನ್ನೇ ಹೇಳಿ, ಹತ್ತಿದ ಕ್ಷಣ ನವಣೆಯ ನಾಲ್ಕು ಕಾಳು. ಹತ್ತದಿದ್ದರೆ ಸುಮ್ಮನಾಗಿ. ಹತ್ತೇ ನಿಮಿಷದ ಪಾಠ, ದಿನಕ್ಕೆ ಎರಡು ಸಲ. ಮುದ್ದು ಮಾಡುವುದು ತಲೆ, ಕುತ್ತಿಗೆಗೆ ಮಾತ್ರ. ಬೆನ್ನು, ಬಾಲದ ಬುಡ ಸವರಿದರೆ ಹಕ್ಕಿಯ ದೇಹಕ್ಕೆ ಅದು ಜೋಡಿಯ ಸೂಚನೆ. ಹೆಣ್ಣಾದರೆ ಮೊಟ್ಟೆ ಇಡಲು ಶುರು ಮಾಡುತ್ತದೆ, ಗಂಡೇ ಇಲ್ಲದಿದ್ದರೂ. ಕನ್ನಡಿ, ಗೂಡಿನ ಪೆಟ್ಟಿಗೆ, ಸೋಫಾದ ಕೆಳಗಿನ ಕತ್ತಲ ಮೂಲೆ ಇವೂ ಅದಕ್ಕೇ ಕುಮ್ಮಕ್ಕು.

ರೆಕ್ಕೆ ಕತ್ತರಿಸಿಬಿಟ್ಟರೆ ಸುಲಭವಲ್ಲವೇ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅದು ನಿಮ್ಮ ತೀರ್ಮಾನವಲ್ಲ. ಕತ್ತರಿಸಿದ ರೆಕ್ಕೆಯಲ್ಲೂ ಗಾಳಿ ಬಂದರೆ ಕಾಕಟೀಲ್ ಎದುರು ಕಟ್ಟಡದವರೆಗೆ ಹೋಗುತ್ತದೆ, ವಾಪಸ್ ಬರಲು ಮಾತ್ರ ಆಗುವುದಿಲ್ಲ.

ಹಾರಿಹೋದರೆ ಯಾವ ದಿಕ್ಕಿಗೆ ಹೋಯಿತೆಂದು ಕಣ್ಣಿಡಿ. ಪಂಜರವನ್ನು ಬಾಗಿಲು ತೆರೆದು ತಾರಸಿಯಲ್ಲಿಡಿ, ಮೇಲೆ ನವಣೆ ತೆನೆ. ಯಜಮಾನರ ರೆಕಾರ್ಡಿಂಗ್ ಹಾಕಿ. ಕತ್ತಲಾದ ಮೇಲೆ ಅದು ಕೂತಲ್ಲೇ ಕೂರುತ್ತದೆ, ಬೆಳಕು ಹರಿಯುವಾಗ ಕೂಗುತ್ತದೆ. ಆ ಹೊತ್ತಿಗೆ ನೀವು ಆ ಮರದ ಕೆಳಗಿರಬೇಕು. ಸುತ್ತಲಿನ ಅಪಾರ್ಟ್‌ಮೆಂಟ್ ಗುಂಪುಗಳಿಗೆ ಫೋಟೊ ಹಾಕಿ, ಉಂಗುರದ ಸಂಖ್ಯೆ ಮಾತ್ರ ಹಾಕಬೇಡಿ. ನನ್ನ ಬಳಿ ಇದೆ ಎಂದವರು ಅದನ್ನು ಓದಿ ಹೇಳಲಿ.

8. ಹುಷಾರು ತಪ್ಪಿದರೆ

ಹಗಲಲ್ಲೂ ಪುಕ್ಕ ಉಬ್ಬಿಸಿಕೊಂಡು ಮುದ್ದೆಯಾಗಿ ಕೂರುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರಾಡುವುದು, ಪಂಜರದ ತಳದಲ್ಲಿ ಕೂರುವುದು, ಹೆಣ್ಣು ಹಕ್ಕಿ ಹಿಂಭಾಗ ಅಗಲಿಸಿ ಮುಕ್ಕಿರಿಯುವುದು. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಕೊನೆಯದು ಮೊಟ್ಟೆ ಸಿಕ್ಕಿಕೊಂಡಿರುವ ಲಕ್ಷಣ, ಗಂಟೆಗಳ ಲೆಕ್ಕ.

ದಾರಿಯಲ್ಲಿ ನೀವು ಮಾಡಬಹುದಾದದ್ದು ಬೆಚ್ಚಗಿಡುವುದು. ಪಂಜರದ ಅರ್ಧಕ್ಕೆ ಬಟ್ಟೆ ಹೊದಿಸಿ, ಒಂದು ಬದಿಗೆ ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಡಿ. ಸೆಕೆಯಾದರೆ ಆಚೆ ಬದಿಗೆ ಸರಿಯಲು ಜಾಗವಿರಲಿ. ಬಾಯಿಗೆ ನೀರು, ಜೇನು, ಎಣ್ಣೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅಂಗಡಿಯವರು ನೀರಿಗೆ ಬೆರೆಸಲು ಕೊಡುವ ಆಂಟಿಬಯೋಟಿಕ್ ಪುಡಿಯೂ ಬೇಡ. ಹಿಡಿಯಲೇಬೇಕಾದರೆ ತೆಳು ಟವೆಲ್ಲಿನಲ್ಲಿ, ತಲೆಯ ಎರಡು ಬದಿಗೆ ಬೆರಳು. ಎದೆಯನ್ನು ಅಮುಕಬಾರದು. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪೊರೆ, ಇಲ್ಲ, ಎದೆಗೂಡು ಹಿಗ್ಗಿದರೆ ಮಾತ್ರ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ. ಉಗುರು ಮುರಿದು ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಡಾಕ್ಟರನ್ನು ಹಕ್ಕಿ ಬರುವ ಮೊದಲೇ ಹುಡುಕಿಟ್ಟಿರಬೇಕು. ನಾಯಿ ಬೆಕ್ಕು ನೋಡುವ ಎಲ್ಲರೂ ಹಕ್ಕಿ ನೋಡುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹಕ್ಕಿ ನೋಡುವವರು ಯಾವ ದಿನ, ಎಷ್ಟು ಹೊತ್ತಿಗೆ ಇರುತ್ತಾರೆ ಎಂದು ಮೊದಲೇ ವಿಚಾರಿಸಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ನಿಮ್ಮ ಆರೋಗ್ಯದ ಬಗ್ಗೆಯೂ ಒಂದು ಮಾತು. ಗಿಳಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಸೋಂಕು ಬರಬಹುದು, ಒಣಗಿದ ಹಿಕ್ಕೆಯ ಧೂಳಿನಿಂದ. ಜ್ವರ, ತಲೆನೋವು, ಒಣಕೆಮ್ಮು, ಬಿಟ್ಟರೆ ನ್ಯುಮೋನಿಯಾ. ಪಂಜರದ ಪೇಪರ್ ತೆಗೆಯುವ ಮುನ್ನ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಗರ್ಭಿಣಿಯರು ಈ ಕೆಲಸ ಮಾಡುವುದು ಬೇಡ. ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ "ಮನೆಯಲ್ಲಿ ಹಕ್ಕಿ ಇದೆ" ಎಂದು ನೀವಾಗಿಯೇ ಹೇಳಿ, ಅವರು ಕೇಳುವುದಿಲ್ಲ. ಗೊತ್ತಾದರೆ ಗುಣವಾಗುವ ಕಾಯಿಲೆ.

9. ಹಬ್ಬ, ಬೇಸಿಗೆ

ದೀಪಾವಳಿ ನಡುವೆ ಬಂದರೆ ಆ ಸಂಜೆಗಳಲ್ಲಿ ಪಂಜರ ಮನೆಯ ನಡುವಿನ ಕೋಣೆಗೆ, ಕಿಟಕಿ ಮುಚ್ಚಿ, ಹೊಗೆ ಬರದಂತೆ; ಪಟಾಕಿ ಸದ್ದು ಮರೆಸಲು ಮೆಲುದನಿಯ ರೇಡಿಯೊ. ಗಣೇಶನ ಮೆರವಣಿಗೆಯ ದಿನವೂ ಇದೇ. ರಾಯಚೂರು, ಕಲಬುರಗಿ ಕಡೆಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಕ್ಕಿ ಬಾಯಿ ತೆರೆದು ರೆಕ್ಕೆ ಮೈಯಿಂದ ದೂರ ಹಿಡಿದು ನಿಂತರೆ ತಂಪಾದ ಕೋಣೆಗೆ ಒಯ್ದು ಕಾಲಿಗೆ, ಮೈಗೆ ಸಾದಾ ನೀರು ಚಿಮುಕಿಸಿ, ಐಸ್ ನೀರಲ್ಲ. ಕೂಲರಿನ ಗಾಳಿ ನೇರ ತಾಗಬಾರದು.

10. ವಾಪಸ್ ಕಳಿಸುವುದು

ಒಂದು ವಾರ ಮೊದಲೇ ಯಜಮಾನರಿಗೆ ಪುಸ್ತಕದ ಫೋಟೊ ಕಳಿಸಿ: ತೂಕದ ಪಟ್ಟಿ, ಈಗಿನ ಊಟದ ವೇಳೆ, ಹೊಸದಾಗಿ ತಿನ್ನಲು ಕಲಿತದ್ದು. ನೀವು ರೂಢಿ ಮಾಡಿಸಿದ ಸೊಪ್ಪು ಕಾಳು ಅವರ ಮನೆಯಲ್ಲಿ ಮೊದಲ ದಿನದಿಂದಲೇ ಇರಲಿ, ಇಲ್ಲದಿದ್ದರೆ ಸೂರ್ಯಕಾಂತಿಯ ಡಬ್ಬಿ ಮತ್ತೆ ತೆರೆಯುತ್ತದೆ. ಯಜಮಾನರು ಬಂದಾಗ ಹಕ್ಕಿ ಅವರ ಹೆಗಲಿಗೆ ಹಾರದೆ ನಿಮ್ಮ ಕಡೆಗೇ ತಿರುಗಬಹುದು, ಅವರಿಗೆ ಬೇಜಾರಾಗುತ್ತದೆ. ಅವರೇ ಕೈಯಾರೆ ನವಣೆ ತೆನೆ ಕೊಡಲಿ, ನೀವು ಅಡುಗೆಮನೆಗೆ ಹೋಗಿ ಕಾಫಿ ಮಾಡಿ.

ಹೊರಡುವಾಗ ಪಂಜರದ ಬಟ್ಟಲುಗಳನ್ನು ತೆಗೆದು, ತೂಗಾಡುವ ಆಟಿಕೆ ಕಳಚಿ, ಅಡ್ಡಕೋಲು ಕೆಳಗಿಳಿಸಿ. ಪ್ರಯಾಣದ ನೀರಿನಂಶಕ್ಕೆ ಸೌತೆಕಾಯಿಯ ಒಂದು ಹೋಳು ಸಿಕ್ಕಿಸಿ, ಮೂರು ಬದಿಗೆ ಬಟ್ಟೆ ಹೊದಿಸಿ. ಕಾರಿನಲ್ಲಿ ಪಂಜರಕ್ಕೆ ಸೀಟ್ ಬೆಲ್ಟ್ ಹಾಕಿ, ಪರ್ಫ್ಯೂಮ್ ಡಬ್ಬಿ ತೆಗೆದಿಡಿ.

ಮುಂದಿನ ಹಕ್ಕಿಯನ್ನು ಒಪ್ಪಿಕೊಳ್ಳುವ ಅಂದಾಜಿದ್ದರೆ ಉಳಿದ ಮರದ ಕಡ್ಡಿ, ಹಗ್ಗಗಳನ್ನು ಎಸೆದುಬಿಡಿ, ಅವು ಪೂರ್ತಿ ಶುಚಿಯಾಗುವುದಿಲ್ಲ. ನೆಲ, ಗೋಡೆಯ ಕೆಳಭಾಗ, ತಕ್ಕಡಿ ಒರೆಸಿ, ಫ್ಯಾನಿನ ರೆಕ್ಕೆಯ ಮೇಲಿನ ಬಿಳಿ ಧೂಳು ತೆಗೆಯಿರಿ. ಸ್ವಿಚ್ಚಿನ ಮೇಲಿನ ಟೇಪ್ ಹಾಗೇ ಇರಲಿ.